ಘರ್ಷಣೆಯ ಲೆಕ್ಕ ಬಿಡಿಸುವುದು ಹೇಗೆ? ಅಡಿಕೆ ಚೀಲದಿಂದ ಘಟ್ಟದ ರಸ್ತೆವರೆಗೆ

ಮಳೆ ಜೋರಾಗುವ ಹೊತ್ತಿಗೆ ಪ್ರಥಮ ಪಿಯುಸಿಯಲ್ಲಿ ಚಲನೆಯ ನಿಯಮಗಳ ಪಾಠ ಶುರುವಾಗಿರುತ್ತದೆ. ಅದರ ಬೆನ್ನಿಗೇ ಪ್ರಶ್ನೆಗಳೂ ಬರುತ್ತವೆ. ಕಾರವಾರದ ಮಕ್ಕಳಿರಲಿ, ಶಿರಸಿಯವರಿರಲಿ, ಕೇಳುವುದು ಒಂದೇ: "ಸರ್, ಫಾರ್ಮುಲಾ ಎಲ್ಲಾ ಬಾಯಿಪಾಠ ಆಗಿದೆ. ಆದ್ರೆ ಫ್ರಿಕ್ಷನ್ ಲೆಕ್ಕ ಎಲ್ಲಿಂದ ಶುರು ಮಾಡೋದು ಅಂತ್ಲೇ ಗೊತ್ತಾಗೋದಿಲ್ಲ."

ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಒಮ್ಮೆ ಪೂರ್ತಿ ಬರೆದಿಡೋಣ ಅಂತ ಈ ಲೇಖನ. ಒಂದು ಮಾತು ಮೊದಲೇ ಹೇಳುತ್ತೇನೆ. ನಿಮ್ಮ ತೊಂದರೆ ಫಾರ್ಮುಲಾದಲ್ಲಿ ಇಲ್ಲ. ಘರ್ಷಣೆ ಅಂದ ಕೂಡಲೇ "ಮ್ಯೂ × ಎನ್" ಅಂತ ಬರೆದುಬಿಡುವ ಆತುರದಲ್ಲಿದೆ. ಆ ಆತುರ ಬಿಟ್ಟರೆ ಅರ್ಧ ಲೆಕ್ಕ ಮುಗಿದ ಹಾಗೆ.

ಏನೇನು ಬೇಕು

ಕಾಗದ, ಪೆನ್ಸಿಲ್, ರಬ್ಬರ್. 30, 45, 60 ಡಿಗ್ರಿಗಳ ಸೈನ್, ಕಾಸ್, ಟ್ಯಾನ್ ಬೆಲೆಗಳು ನೆನಪಿರಲಿ. ಗುರುತ್ವದ ವೇಗೋತ್ಕರ್ಷ 9.8 ಹಿಡಿಯಬೇಕೋ 10 ಹಿಡಿಯಬೇಕೋ ಅಂತ ಪ್ರಶ್ನೆಯಲ್ಲೇ ನೋಡಿಕೊಳ್ಳಿ. ಇಲ್ಲಿ ನಾನು ಎಲ್ಲ ಕಡೆ 10 ಹಿಡಿದಿದ್ದೇನೆ. ಚೀಲದ ತೂಕ, ಮ್ಯೂ ಬೆಲೆಗಳೆಲ್ಲ ಲೆಕ್ಕಕ್ಕೆಂದು ಇಟ್ಟುಕೊಂಡವು, ಅಳೆದು ತಂದವಲ್ಲ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಹೆಸರುಗಳೇ ಅರ್ಧ ಹೆದರಿಕೆ. ಬೇಕಾಗುವುದು ನಾಲ್ಕೇ ನಾಲ್ಕು:

ನಾರ್ಮಲ್ ಫೋರ್ಸ್: ನೆಲ, ಹಲಗೆ ಅಥವಾ ಗೋಡೆ ತನ್ನ ಮೈಗೆ ನೇರ ಲಂಬವಾಗಿ ವಸ್ತುವನ್ನು ದೂಡುವ ಬಲ. ಇದನ್ನು ಎನ್ ಅಂತ ಬರೆಯುತ್ತೇವೆ.

ಸ್ಟ್ಯಾಟಿಕ್ ಫ್ರಿಕ್ಷನ್: ವಸ್ತು ಜಾರದೆ ನಿಂತಿರುವಾಗ ಇರುವ ಘರ್ಷಣೆ. ಕನ್ನಡದಲ್ಲಿ ಸ್ಥಿತ ಘರ್ಷಣೆ.

ಕೈನೆಟಿಕ್ ಫ್ರಿಕ್ಷನ್: ಜಾರುತ್ತಿರುವಾಗ ಇರುವ ಘರ್ಷಣೆ. ಇದು ಚಲನ ಘರ್ಷಣೆ.

ಮ್ಯೂ: ಎರಡು ಮೈಗಳು ಎಷ್ಟರಮಟ್ಟಿಗೆ ಒಂದನ್ನೊಂದು ಹಿಡಿಯುತ್ತವೆ ಅಂತ ಹೇಳುವ ಬರೀ ಸಂಖ್ಯೆ. ಯೂನಿಟ್ ಇಲ್ಲ. ಸ್ಥಿತ ಮ್ಯೂ ಒಂದು, ಚಲನ ಮ್ಯೂ ಇನ್ನೊಂದು. ಸಾಮಾನ್ಯವಾಗಿ ಸ್ಥಿತದ್ದು ಸ್ವಲ್ಪ ಜಾಸ್ತಿ. ಮ್ಯೂ ಯಾವತ್ತೂ 1ಕ್ಕಿಂತ ಕಡಿಮೆ ಅಂತ ಕೆಲವರು ನಂಬಿದ್ದಾರೆ. ಹಾಗೇನೂ ನಿಯಮ ಇಲ್ಲ.

ಹಂತ 1: ಯಾರ ಲೆಕ್ಕ ಅಂತ ತೀರ್ಮಾನಿಸಿ

ಪ್ರಶ್ನೆಯಲ್ಲಿ ಲಾರಿ ಇರಬಹುದು, ಲಾರಿ ಮೇಲೆ ಪೆಟ್ಟಿಗೆ ಇರಬಹುದು, ಪೆಟ್ಟಿಗೆಗೆ ಹಗ್ಗ ಇರಬಹುದು. ಒಂದು ಸಲಕ್ಕೆ ಒಂದನ್ನೇ ಆರಿಸಿ. ಅದನ್ನು ಒಂದು ಚೌಕ ಮಾಡಿ ಬರೆಯಿರಿ. ಇನ್ನುಳಿದದ್ದೆಲ್ಲ ಚಿತ್ರದಿಂದ ಆಚೆ.

ಹಂತ 2: ಬಲಗಳ ಬಾಣ ಹಾಕಿ

ಇದೇ ಫ್ರೀ ಬಾಡಿ ಡಯಾಗ್ರಾಮ್. ಮೊದಲು ತೂಕ, ನೇರ ಕೆಳಕ್ಕೆ. ಆಮೇಲೆ "ಇದನ್ನು ಯಾರ್‍ಯಾರು ಮುಟ್ಟಿದ್ದಾರೆ?" ಅಂತ ಕೇಳಿಕೊಳ್ಳಿ. ನೆಲ ಮುಟ್ಟಿದ್ದರೆ ಅದರಿಂದ ಎರಡು ಬಾಣ: ಲಂಬವಾಗಿ ಎನ್, ನೆಲದ ಉದ್ದಕ್ಕೆ ಘರ್ಷಣೆ. ಹಗ್ಗ ಮುಟ್ಟಿದ್ದರೆ ಒಂದು ಬಾಣ, ಹಗ್ಗ ಎಳೆಯುವ ಕಡೆಗೆ. ಕೈ ದೂಡುತ್ತಿದ್ದರೆ ಇನ್ನೊಂದು. ಈ ಲೆಕ್ಕಗಳಲ್ಲಿ ಮುಟ್ಟದವರು ಯಾರೂ ದೂಡಲಾರರು, ಭೂಮಿಯ ಎಳೆತ ಒಂದನ್ನು ಬಿಟ್ಟು.

ಎಚ್ಚರ: "ಚಲನೆಯ ಬಲ" ಅಂತ ಮುಂದಕ್ಕೆ ಒಂದು ಬಾಣ ಹಾಕುವ ಚಾಳಿ ತುಂಬ ಮಕ್ಕಳಿಗಿದೆ. ಅಂಥ ಬಲ ಇಲ್ಲ. ವಸ್ತು ಮುಂದೆ ಹೋಗುತ್ತಿದೆ ಅಂದ ಮಾತ್ರಕ್ಕೆ ಮುಂದಕ್ಕೆ ಯಾರೋ ದೂಡುತ್ತಿರಬೇಕಾಗಿಲ್ಲ. ದ್ರವ್ಯರಾಶಿ × ವೇಗೋತ್ಕರ್ಷ ಅನ್ನುವುದನ್ನೂ ಬಾಣವಾಗಿ ಬರೆಯಬೇಡಿ. ಅದು ಎಲ್ಲ ಬಾಣ ಕೂಡಿಸಿದ ಮೇಲೆ ಸಮೀಕರಣದ ಆಚೆ ಬದಿಗೆ ಬರುವ ಉತ್ತರ.

ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಚಿತ್ರ ಬರೆಯಲು ಪುರುಸೊತ್ತೆಲ್ಲಿ ಅಂತ ವಾದ ಮಾಡುವವರಿದ್ದಾರೆ. ನಾಲ್ಕು ಬಾಣಕ್ಕೆ ಹತ್ತು ಸೆಕೆಂಡ್ ಸಾಕು ಮಾರಾಯ್ರೆ. ಚಿತ್ರ ಇಲ್ಲದೆ ಸೈನ್ ಕಾಸ್ ಅದಲು ಬದಲು ಮಾಡಿ ಕಳೆದುಕೊಳ್ಳುವ ಹೊತ್ತು ಅದಕ್ಕಿಂತ ಜಾಸ್ತಿ.

ಹಂತ 3: ದಿಕ್ಕು ಗೊತ್ತು ಮಾಡಿ

ಸಮತಟ್ಟು ನೆಲವಾದರೆ ಅಡ್ಡ ಒಂದು ದಿಕ್ಕು, ಮೇಲೆ ಇನ್ನೊಂದು. ಇಳಿಜಾರಾದರೆ ದಿಕ್ಕುಗಳನ್ನೂ ಓರೆ ಮಾಡಿ: ಇಳಿಜಾರಿನ ಉದ್ದಕ್ಕೆ ಒಂದು, ಅದಕ್ಕೆ ಲಂಬವಾಗಿ ಒಂದು. ಆಗ ತೂಕ ಒಂದನ್ನೇ ಎರಡು ಪಾಲು ಮಾಡಿದರೆ ಸಾಕು. ಇಳಿಜಾರಿನ ಉದ್ದಕ್ಕೆ ತೂಕ × ಸೈನ್, ಲಂಬಕ್ಕೆ ತೂಕ × ಕಾಸ್.

ಯಾವುದು ಸೈನ್, ಯಾವುದು ಕಾಸ್ ಅಂತ ಗೊಂದಲವಾದರೆ ಕೋನ ಸೊನ್ನೆ ಅಂತ ಇಟ್ಟು ನೋಡಿ. ನೆಲ ಸಮತಟ್ಟಾಯಿತು, ವಸ್ತು ತಾನಾಗಿ ಜಾರುವುದಿಲ್ಲ. ಹಾಗಾಗಿ ಉದ್ದಕ್ಕೆ ಇರುವ ಪಾಲು ಸೊನ್ನೆ ಆಗಬೇಕು. ಸೊನ್ನೆ ಡಿಗ್ರಿಗೆ ಸೊನ್ನೆ ಆಗುವುದು ಸೈನ್.

ಹಂತ 4: ಎನ್ ಕಂಡುಹಿಡಿಯಿರಿ, ಊಹಿಸಬೇಡಿ

ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. "ಎನ್ ಅಂದರೆ ತೂಕ" ಅಂತ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಸಮತಟ್ಟು ನೆಲ, ಅಡ್ಡ ಬಲ ಮಾತ್ರ ಇದ್ದರೆ ಅದು ಸರಿ. ಬೇರೆಲ್ಲ ಕಡೆ ತಪ್ಪಾಗಬಹುದು.

ಶಿರಸಿಯ ಅಡಿಕೆ ಮಂಡಿಯಲ್ಲಿ ಚಾಲಿ ಅಡಿಕೆಯ ಒಂದು ಚೀಲ ನೆಲದ ಮೇಲಿದೆ ಅಂದುಕೊಳ್ಳಿ. 60 ಕೆ.ಜಿ. ಸ್ಥಿತ ಮ್ಯೂ 0.5, ಚಲನ ಮ್ಯೂ 0.4. ತೂಕ 600 ನ್ಯೂಟನ್. ಈಗ 300 ನ್ಯೂಟನ್ ಬಲವನ್ನು ಎರಡು ರೀತಿ ಹಾಕಿ ನೋಡೋಣ.

ಮೊದಲನೆಯದು: ಹಮಾಲಿ ಮಾಡುವವರು ಚೀಲದ ಕಿವಿಗೆ ಹಗ್ಗ ಕಟ್ಟಿ, ನೆಲದಿಂದ 30 ಡಿಗ್ರಿ ಮೇಲಕ್ಕೆ ಎಳೆಯುತ್ತಾರೆ. ಎಳೆತದ ಮೇಲ್ಮುಖ ಪಾಲು 300 × ಸೈನ್ 30, ಅಂದರೆ 300 × 0.5 = 150. ಅಷ್ಟು ಭಾರ ಹಗ್ಗವೇ ಹೊತ್ತಿತು. ನೆಲಕ್ಕೆ ಉಳಿದದ್ದು 600 − 150 = 450. ಅದೇ ಎನ್. ಘರ್ಷಣೆಯ ಗರಿಷ್ಠ ಮಿತಿ ಸ್ಥಿತ ಮ್ಯೂ × ಎನ್, ಅಂದರೆ 0.5 × 450 = 225. ಎಳೆತದ ಅಡ್ಡ ಪಾಲು 300 × 0.866, ಸುಮಾರು 260. 260 ಅನ್ನುವುದು 225ಕ್ಕಿಂತ ಜಾಸ್ತಿ. ಚೀಲ ಹೊರಟಿತು.

ಎರಡನೆಯದು: ಅದೇ 300 ನ್ಯೂಟನ್, ಅದೇ 30 ಡಿಗ್ರಿ. ಆದರೆ ಹಿಂದಿನಿಂದ ಬಗ್ಗಿ ಕೆಳಮುಖವಾಗಿ ದೂಡುತ್ತಾರೆ. ಈಗ 150 ನ್ಯೂಟನ್ ನೆಲದ ಮೇಲೇ ಬಿತ್ತು. ಎನ್ = 600 + 150 = 750. ಮಿತಿ 0.5 × 750 = 375. ಅಡ್ಡ ಪಾಲು ಮೊದಲಿನಷ್ಟೇ, 260. ಚೀಲ ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ.

ಬಲ ಒಂದೇ, ಕೋನ ಒಂದೇ, ಚೀಲವೂ ಅದೇ. ಒಂದು ಕಡೆ ಚಲನೆ, ಇನ್ನೊಂದು ಕಡೆ ಇಲ್ಲ. ಎನ್ ಜಾಗದಲ್ಲಿ ಕಣ್ಣುಮುಚ್ಚಿ 600 ಹಾಕಿದವರಿಗೆ ಎಳೆದಾಗಲೂ ಮಿತಿ 300 ಬರುತ್ತದೆ. ಹೊರಟ ಚೀಲವನ್ನು "ಹೊರಡಲಿಲ್ಲ" ಅಂತ ಬರೆದು ಬರುತ್ತಾರೆ.

ಚೀಲವನ್ನು ಮಲಗಿಸಿದರೆ ನೆಲ ಮುಟ್ಟುವ ಜಾಗ ಜಾಸ್ತಿ ಆಗುತ್ತದಲ್ವಾ, ಘರ್ಷಣೆಯೂ ಜಾಸ್ತಿ ಆಗಬೇಕಲ್ವಾ ಅಂತ ಪ್ರತಿ ತರಗತಿಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಈ ಮಟ್ಟದ ಲೆಕ್ಕಗಳಲ್ಲಿ ಮುಟ್ಟುವ ಜಾಗದ ವಿಸ್ತೀರ್ಣಕ್ಕೆ ಬೆಲೆ ಇಲ್ಲ. ಫ್ರಾನ್ಸಿನ ವಿಜ್ಞಾನಿ ಅಮೊಂಟೊನ್ 1699ರಲ್ಲೇ ಇದನ್ನು ನಿಯಮವಾಗಿ ಮುಂದಿಟ್ಟಿದ್ದರು. ಭಾರ ಹರಡಿಕೊಂಡರೂ ಒಟ್ಟು ಎನ್ ಅಷ್ಟೇ ಇರುತ್ತದೆ.

ಹಂತ 5: ಜಾರುತ್ತದೋ ಇಲ್ಲವೋ? ಮೊದಲು ಇದನ್ನು ಕೇಳಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವವರಿದ್ದರೆ ಇದನ್ನು ಓದಿ.

ಸ್ಥಿತ ಘರ್ಷಣೆಗೆ ಇಂತಿಷ್ಟೇ ಅಂತ ಬೆಲೆ ಇಲ್ಲ. ವಸ್ತು ಜಾರದಂತೆ ಹಿಡಿಯಲು ಎಷ್ಟು ಬೇಕೋ ಅಷ್ಟೇ ಬರುತ್ತದೆ. ಮ್ಯೂ × ಎನ್ ಅನ್ನುವುದು ಅದರ ಗರಿಷ್ಠ ಮಿತಿ. ಅದಕ್ಕಿಂತ ಜಾಸ್ತಿ ಬೇಕಾದರೆ ಅದು ಕೈಬಿಡುತ್ತದೆ, ವಸ್ತು ಜಾರುತ್ತದೆ, ಆಗ ಚಲನ ಘರ್ಷಣೆ ಬರುತ್ತದೆ.

ಅದೇ 60 ಕೆ.ಜಿ. ಚೀಲವನ್ನು ಈಗ ನೇರ ಅಡ್ಡಕ್ಕೆ ದೂಡಿ. ಎನ್ 600, ಮಿತಿ 300.

50 ನ್ಯೂಟನ್ ದೂಡಿದರೆ ಘರ್ಷಣೆ 50. 200 ದೂಡಿದರೆ 200. ಸುಮ್ನೆ ಬಿಟ್ಟರೆ ಸೊನ್ನೆ. ಮುನ್ನೂರು ಅಲ್ಲ! ಸುಮ್ಮನೆ ಕೂತ ಚೀಲದ ಮೇಲೆ 300 ನ್ಯೂಟನ್ ಘರ್ಷಣೆ ಇದ್ದಿದ್ದರೆ ಅದು ತಾನಾಗಿಯೇ ಎಲ್ಲಿಗೋ ಹೋಗಬೇಕಿತ್ತು.

320 ದೂಡಿದರೆ ಮಿತಿ ದಾಟಿತು. ಈಗ ಘರ್ಷಣೆ 0.4 × 600 = 240. ಉಳಿದ ಬಲ 80.

ಹಾಗಾದರೆ ಮಾಡಬೇಕಾದ್ದು ಇಷ್ಟು: ವಸ್ತು ನಿಂತೇ ಇದೆ ಅಂತ ಇಟ್ಟುಕೊಂಡು, ಅದಕ್ಕೆ ಎಷ್ಟು ಘರ್ಷಣೆ ಬೇಕು ಅಂತ ಲೆಕ್ಕ ಹಾಕಿ. ಮಿತಿಯ ಜೊತೆ ಹೋಲಿಸಿ. ಬೇಕಾದದ್ದು ಕಡಿಮೆಯಿದ್ದರೆ ಅದೇ ಉತ್ತರ, ಲೆಕ್ಕ ಮುಗಿಯಿತು. ಜಾಸ್ತಿಯಿದ್ದರೆ ಸ್ಥಿತ ಮ್ಯೂ ಬದಿಗಿಟ್ಟು ಚಲನ ಮ್ಯೂ ಹಿಡಿದು ಮುಂದಿನ ಹಂತಕ್ಕೆ ಹೋಗಿ.

ಎರಡು ಮ್ಯೂ ಯಾಕೆ ಅನ್ನುವುದಕ್ಕೆ ದಡಕ್ಕೆ ದೋಣಿ ಎಳೆಯುವುದನ್ನು ನೋಡಿ. ಅಡಿಗೆ ಹಲಗೆ ಹಾಸಿದ್ದಾರೆ. ದೋಣಿ 600 ಕೆ.ಜಿ., ಸ್ಥಿತ ಮ್ಯೂ 0.6, ಚಲನ ಮ್ಯೂ 0.5. ಹೊರಡಿಸಲು 3600 ನ್ಯೂಟನ್ ದಾಟಬೇಕು. ಹೊರಟ ಮೇಲೆ 3000 ಸಾಕು. ಒಬ್ಬೊಬ್ಬರು 400 ನ್ಯೂಟನ್ ಎಳೆದರೆ ಎಂಟು ಜನರದು 3200. ಅವರಿಂದ ದೋಣಿ ಹೊರಡುವುದಿಲ್ಲ. ಹತ್ತು ಜನ ಸೇರಿದರೆ 4000, ಹೊರಟಿತು. ಹೊರಟ ಮೇಲೆ ಇಬ್ಬರು ಕೈಬಿಟ್ಟರೂ ಉಳಿದ ಎಂಟು ಜನರಿಂದಲೇ ದೋಣಿ ಓಡುತ್ತದೆ. ನಡುವೆ ನಿಲ್ಲಿಸಿದರೆ ಮತ್ತೆ ಹತ್ತು ಜನ ಬೇಕು. "ಐಸಾ" ಅಂತ ಕೂಗಿ ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದು ಆ ಮಿತಿ ದಾಟಲಿಕ್ಕೇ. ಒಬ್ಬರಾದ ಮೇಲೆ ಒಬ್ಬರು ಎಳೆದರೆ 3600 ಎಂದೂ ಕೂಡಿಬರುವುದಿಲ್ಲ.

ಹಂತ 6: ಘರ್ಷಣೆಯ ದಿಕ್ಕು

"ಘರ್ಷಣೆ ಯಾವಾಗಲೂ ಚಲನೆಗೆ ವಿರುದ್ಧ" ಅಂತ ನೋಟ್ಸಿನಲ್ಲಿ ಬರೆದುಕೊಂಡಿದ್ದರೆ ಅಲ್ಲೇ ತಿದ್ದಿ. ಘರ್ಷಣೆ ತಡೆಯುವುದು ಒಂದು ಮೈ ಇನ್ನೊಂದರ ಮೇಲೆ ಜಾರುವುದನ್ನು.

ಕೊಂಕಣ ರೈಲ್ವೆಯ ರೋ-ರೋ ಗಾಡಿ ನೋಡಿರುತ್ತೀರಿ. 1999ರಲ್ಲಿ ಶುರುವಾದ ಸೇವೆ. ತುಂಬಿದ ಲಾರಿಗಳು ತೆರೆದ ವ್ಯಾಗನ್ ಮೇಲೆ ಕೂತು ಸಾಲಾಗಿ ಹೋಗುತ್ತವೆ. 20 ಟನ್ನಿನ ಒಂದು ಲಾರಿ, ಹ್ಯಾಂಡ್‌ಬ್ರೇಕ್ ಹಾಕಿದೆ, ಬೇರೆ ಕಟ್ಟು ಏನೂ ಇಲ್ಲ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ರೈಲು ಸ್ಟೇಷನ್ ಬಿಟ್ಟು ಸೆಕೆಂಡಿಗೆ ಸೆಕೆಂಡಿಗೆ 0.5 ಮೀಟರ್ ವೇಗೋತ್ಕರ್ಷದಲ್ಲಿ ಮುಂದೆ ಹೊರಟಿತು. ಲಾರಿಯೂ ಅದರ ಜೊತೆ ಮುಂದೆ ಹೋಯಿತು. ಅದನ್ನು ಮುಂದಕ್ಕೆ ದೂಡಿದವರು ಯಾರು? ಎಂಜಿನ್ ಲಾರಿಯನ್ನು ಮುಟ್ಟಿಲ್ಲ. ಮುಟ್ಟಿದ್ದು ವ್ಯಾಗನ್ನಿನ ತಳ. ಅಲ್ಲಿನ ಸ್ಥಿತ ಘರ್ಷಣೆಯೇ ಲಾರಿಯನ್ನು ಮುಂದಕ್ಕೆ ಒಯ್ದದ್ದು, 20,000 × 0.5 = 10,000 ನ್ಯೂಟನ್. ರೈಲು ಬ್ರೇಕ್ ಹಾಕಿದಾಗ ಅದೇ ಘರ್ಷಣೆ ಹಿಂದಕ್ಕೆ ತಿರುಗುತ್ತದೆ.

ದಿಕ್ಕು ತಿಳಿಯದಿದ್ದರೆ ಹೀಗೆ ಮಾಡಿ: ಆ ಜಾಗ ಎಣ್ಣೆ ಹಚ್ಚಿದಷ್ಟು ನುಣುಪು ಅಂತ ಕಲ್ಪಿಸಿಕೊಳ್ಳಿ. ಆಗ ವಸ್ತು ತಳದ ಮೇಲೆ ಎತ್ತ ಜಾರುತ್ತಿತ್ತು? ಅದರ ಎದುರು ದಿಕ್ಕಿಗೆ ಬಾಣ ಹಾಕಿ. ರೈಲು ಹೊರಟಾಗ ಲಾರಿ ಹಿಂದೆ ಉಳಿಯುತ್ತಿತ್ತು. ಹಾಗಾಗಿ ಘರ್ಷಣೆ ಮುಂದಕ್ಕೆ.

ಹಂತ 7: ಸಮೀಕರಣ ಬರೆದು ಬಿಡಿಸಿ

ಉಳಿದದ್ದು ಗಣಿತ ಮಾತ್ರ. ಚಲನೆಯ ದಿಕ್ಕಿನಲ್ಲಿ ಎಲ್ಲ ಬಲ ಕೂಡಿಸಿ, ಕಳೆದು, ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಅಡ್ಡಕ್ಕೆ 320 ನ್ಯೂಟನ್ ದೂಡಿದ ಚೀಲಕ್ಕೆ 80 ÷ 60 = 1.33. ಹಗ್ಗದಿಂದ ಓರೆಯಾಗಿ ಎಳೆದದ್ದಕ್ಕೂ ಹಾಕಿ ನೋಡಿ: ಚಲನ ಘರ್ಷಣೆ 0.4 × 450 = 180, ಉಳಿದದ್ದು 260 − 180 = 80. ಮತ್ತೆ 1.33! ಓರೆ ಹಗ್ಗದ 300, ಅಡ್ಡ ದೂಡುವ 320ರಷ್ಟೇ ಕೆಲಸ ಮಾಡಿತು.

ಇನ್ನು ಇಳಿಜಾರು. ಕಾರವಾರದ ಬೈತಖೋಲ ಬಂದರಿನಲ್ಲಿ ಲಾರಿಯಿಂದ ಕೆಳಕ್ಕೆ 3 ಮೀಟರ್ ಹಲಗೆ ಇಟ್ಟಿದ್ದಾರೆ, 30 ಡಿಗ್ರಿ ಇಳಿಜಾರು. ಮೇಲ್ತುದಿಯಲ್ಲಿ 40 ಕೆ.ಜಿ. ಮೀನಿನ ಪೆಟ್ಟಿಗೆ. ತೂಕ 400. ಉದ್ದಕ್ಕೆ ಎಳೆಯುವ ಪಾಲು 200, ಎನ್ = 400 × 0.866 = 346.

ಹಲಗೆ ಒಣಗಿದೆ, ಸ್ಥಿತ ಮ್ಯೂ 0.6: ಮಿತಿ 208. ಬೇಕಾದದ್ದು 200. ಕೂದಲೆಳೆಯಲ್ಲಿ ನಿಂತಿತು. ಘರ್ಷಣೆ ಎಷ್ಟು? 200. ಇಲ್ಲಿ 208 ಬರೆದವರಿಗೆ ಐದನೇ ಹಂತ ಮತ್ತೊಮ್ಮೆ.

ಹಲಗೆ ಒದ್ದೆಯಾಗಿ ಸ್ಥಿತ ಮ್ಯೂ 0.5, ಚಲನ ಮ್ಯೂ 0.4 ಆಯಿತು: ಮಿತಿ 173, ಸಾಲದು. ಪೆಟ್ಟಿಗೆ ಜಾರಿತು. ಚಲನ ಘರ್ಷಣೆ 138.6, ಉಳಿದ ಬಲ 61.4, ವೇಗೋತ್ಕರ್ಷ ಸುಮಾರು 1.53. ಮೂರು ಮೀಟರ್ ಜಾರಿ ಕೆಳಗೆ ಬರುವಾಗ ವೇಗದ ವರ್ಗ = 2 × 1.53 × 3 = 9.2. ವೇಗ ಸೆಕೆಂಡಿಗೆ ಸುಮಾರು 3 ಮೀಟರ್.

ಪೆಟ್ಟಿಗೆ 40ರ ಬದಲು 80 ಕೆ.ಜಿ. ಇದ್ದರೂ ಇದೇ ವೇಗ. ಎಲ್ಲ ಬಲಗಳೂ ದುಪ್ಪಟ್ಟಾಗುತ್ತವೆ, ದ್ರವ್ಯರಾಶಿಯೂ ದುಪ್ಪಟ್ಟಾಗುತ್ತದೆ. ಪ್ರಶ್ನೆಯಲ್ಲಿ ದ್ರವ್ಯರಾಶಿ ಕೊಟ್ಟಿಲ್ಲ ಅಂತ ಕಂಗಾಲಾಗಬೇಡಿ, ಬೇಕಾಗಿಯೇ ಇಲ್ಲದಿರಬಹುದು.

ಮನೆಯಲ್ಲೇ ಮ್ಯೂ ಅಳೆಯುವ ದಾರಿಯೂ ಇದರಲ್ಲೇ ಇದೆ. ನೋಟ್‌ಬುಕ್ಕಿನ ರಟ್ಟಿನ ಮೇಲೆ ರಬ್ಬರ್ ಇಟ್ಟು, ಒಂದು ಬದಿ ನಿಧಾನಕ್ಕೆ ಎತ್ತುತ್ತಾ ಹೋಗಿ. ರಬ್ಬರ್ ಜಾರಲು ಶುರುವಾದ ಕ್ಷಣಕ್ಕೆ ಕೈ ನಿಲ್ಲಿಸಿ. ಎತ್ತಿದ ಅಂಚಿನ ಎತ್ತರವನ್ನು, ಆ ಅಂಚಿನ ನೇರ ಕೆಳಗಿನಿಂದ ಮೇಜು ಮುಟ್ಟಿದ ಅಂಚಿನವರೆಗಿನ ದೂರದಿಂದ ಭಾಗಿಸಿ. ಎತ್ತರ 12 ಸೆಂ.ಮೀ., ದೂರ 20 ಸೆಂ.ಮೀ. ಆದರೆ ಸ್ಥಿತ ಮ್ಯೂ 0.6. ಕೋನದ ಟ್ಯಾನ್ ಅಂದರೆ ಇದೇ. ಕೈ ನಡುಗಿದರೆ ಬೇಗ ಜಾರಿಬಿಡುತ್ತದೆ, ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ.

ಹಂತ 8: ವೇಗದ ಲೆಕ್ಕವಿದ್ದರೆ ಮೊದಲು ಯೂನಿಟ್ ಬದಲಿಸಿ

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದಲ್ಲಿ ಇಳಿಯುವ ವಾಹನದ ಲೆಕ್ಕ ಹಾಕೋಣ. ವೇಗ ಗಂಟೆಗೆ 54 ಕಿ.ಮೀ. ಇದನ್ನು ಹಾಗೇ ಸೂತ್ರಕ್ಕೆ ತುಂಬಿದರೆ ಉತ್ತರ ನೂರಾರು ಮೀಟರ್ ಬರುತ್ತದೆ. 5ರಿಂದ ಗುಣಿಸಿ 18ರಿಂದ ಭಾಗಿಸಿ: ಸೆಕೆಂಡಿಗೆ 15 ಮೀಟರ್.

ಬ್ರೇಕ್ ಹಾಕಿ ಚಕ್ರ ಪೂರ್ತಿ ಕಚ್ಚಿಕೊಂಡು ಜಾರುತ್ತಿದೆ ಅಂತ ಇಟ್ಟುಕೊಂಡರೆ, ಸಮತಟ್ಟು ರಸ್ತೆಯಲ್ಲಿ ವೇಗ ಇಳಿಯುವ ದರ ಮ್ಯೂ × 10. ವೇಗದ ವರ್ಗವನ್ನು ಈ ದರದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲುವ ದೂರ. ಒಣ ರಸ್ತೆ, ಮ್ಯೂ 0.7: ನಿಲ್ಲಲು ಬೇಕಾದ ದೂರ 225 ÷ 14, ಸುಮಾರು 16 ಮೀಟರ್. ಮಳೆಯಲ್ಲಿ ಮ್ಯೂ 0.4 ಆದರೆ 225 ÷ 8, ಅಂದರೆ 28 ಮೀಟರ್. ಅದೇ ಒದ್ದೆ ರಸ್ತೆ 6 ಡಿಗ್ರಿ ಇಳಿಜಾರಿದ್ದರೆ? ಸೈನ್ ಸುಮಾರು 0.1, ಕಾಸ್ ಸುಮಾರು 1. ಘರ್ಷಣೆ ಹಿಂದಕ್ಕೆ 4ರಷ್ಟು ಎಳೆದರೆ ತೂಕದ ಪಾಲು 1ರಷ್ಟು ಮುಂದಕ್ಕೆ ದೂಡುತ್ತದೆ. ಉಳಿದದ್ದು 3. ದೂರ 225 ÷ 6 = 37.5 ಮೀಟರ್. ಡ್ರೈವರ್ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಇನ್ನೊಂದು 15 ಮೀಟರ್ ಸೇರಿಸಿ. ಘಟ್ಟದ ತಿರುವುಗಳಲ್ಲಿ ಅಷ್ಟು ದೂರ ಕಣ್ಣಿಗೇ ಕಾಣುವುದಿಲ್ಲ.

ಹಂತ 9: ಉತ್ತರ ನಂಬುವ ಮೊದಲು

ವೇಗೋತ್ಕರ್ಷ ಮೈನಸ್ ಬಂದರೆ, ನಿಂತ ವಸ್ತುವಿನ ಲೆಕ್ಕದಲ್ಲಿ ಅದಕ್ಕೆ ಒಂದೇ ಅರ್ಥ: ಅದು ಜಾರಿಯೇ ಇಲ್ಲ, ನೀವು ಐದನೇ ಹಂತ ಹಾರಿಸಿದ್ದೀರಿ. ಘರ್ಷಣೆ ನಿಂತ ವಸ್ತುವನ್ನು ಹಿಂದಕ್ಕೆ ಓಡಿಸಲಾರದು. ಇಳಿಜಾರಿನಲ್ಲಿ ತಾನಾಗಿ ಜಾರುವ ವಸ್ತುವಿನ ವೇಗೋತ್ಕರ್ಷ 10ಕ್ಕಿಂತ ಜಾಸ್ತಿ ಬಂದರೆ ಎಲ್ಲೋ ಗುಣಾಕಾರ ತಪ್ಪಿದೆ. ಎನ್ ಮೈನಸ್ ಬಂದರೆ ವಸ್ತು ನೆಲ ಬಿಟ್ಟು ಎದ್ದಿದೆ ಅಂತ ಅರ್ಥ, ಘರ್ಷಣೆಯ ಮಾತೇ ಇಲ್ಲ.

ನೀವೇ ಬಿಡಿಸಿ

1. ನೆಲದ ಮೇಲೆ 10 ಕೆ.ಜಿ. ಪೆಟ್ಟಿಗೆ. ಸ್ಥಿತ ಮ್ಯೂ 0.4, ಚಲನ ಮ್ಯೂ 0.3. ಅಡ್ಡಕ್ಕೆ 25 ನ್ಯೂಟನ್ ದೂಡಿದರೆ ಘರ್ಷಣೆ ಎಷ್ಟು?

2. ಚೀರೆಕಲ್ಲಿನ ಗೋಡೆಗೆ 5 ಕೆ.ಜಿ. ಹಲಗೆಯನ್ನು 100 ನ್ಯೂಟನ್ ಬಲದಿಂದ ನೇರ ಅಡ್ಡಕ್ಕೆ ಒತ್ತಿ ಹಿಡಿದಿದ್ದೀರಿ. ಸ್ಥಿತ ಮ್ಯೂ 0.6. ಹಲಗೆ ಕೆಳಕ್ಕೆ ಜಾರುತ್ತದೆಯೇ?

3. 30 ಡಿಗ್ರಿ ಇಳಿಜಾರಿನ ಬುಡದಿಂದ ಒಂದು ಪೆಟ್ಟಿಗೆಯನ್ನು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಮೇಲಕ್ಕೆ ದೂಡಿ ಬಿಟ್ಟಿದ್ದೀರಿ. ಸ್ಥಿತ ಮ್ಯೂ 0.3, ಚಲನ ಮ್ಯೂ 0.2. ಎಷ್ಟು ದೂರ ಏರುತ್ತದೆ? ವಾಪಸ್ ಬಂದರೆ ಬುಡದಲ್ಲಿ ವೇಗ ಎಷ್ಟು?

ಉತ್ತರಗಳು. ಒಂದನೆಯದು 25 ನ್ಯೂಟನ್, ಮಿತಿ 40 ಇರುವುದರಿಂದ ಪೆಟ್ಟಿಗೆ ಕದಲುವುದಿಲ್ಲ. ಎರಡನೆಯದರಲ್ಲಿ ಎನ್ ಅಂದರೆ ನಿಮ್ಮ ಕೈ ಒತ್ತುವ 100, ತೂಕ ಅಲ್ಲ. ಮಿತಿ 60, ಬೇಕಾದದ್ದು 50. ಜಾರುವುದಿಲ್ಲ, ಘರ್ಷಣೆ ಮೇಲ್ಮುಖವಾಗಿ 50 ನ್ಯೂಟನ್. ಮೂರನೆಯದು ಸ್ವಲ್ಪ ಕಾಡುತ್ತದೆ. ಏರುವಾಗ ಘರ್ಷಣೆ ಕೆಳಮುಖ, ತೂಕದ ಪಾಲಿನ ಜೊತೆ ಸೇರುತ್ತದೆ. ವೇಗ ಇಳಿಯುವ ದರ 6.73, ಏರುವ ದೂರ 36 ÷ 13.46, ಸುಮಾರು 2.67 ಮೀಟರ್. ಮೇಲೆ ಒಂದು ಕ್ಷಣ ನಿಂತಾಗ ಮತ್ತೆ ಐದನೇ ಹಂತ: 30 ಡಿಗ್ರಿಯ ಟ್ಯಾನ್ 0.577, ಸ್ಥಿತ ಮ್ಯೂ 0.3ಕ್ಕಿಂತ ಜಾಸ್ತಿ, ಹಾಗಾಗಿ ವಾಪಸ್ ಜಾರುತ್ತದೆ. ಇಳಿಯುವಾಗ ಘರ್ಷಣೆ ಮೇಲ್ಮುಖವಾಗುತ್ತದೆ, ವೇಗೋತ್ಕರ್ಷ 3.27 ಮಾತ್ರ. ಬುಡಕ್ಕೆ ಬರುವಾಗ ವೇಗ ಸೆಕೆಂಡಿಗೆ ಸುಮಾರು 4.2 ಮೀಟರ್. ಏರಲಿಕ್ಕೂ ಇಳಿಯಲಿಕ್ಕೂ ಒಂದೇ ವೇಗೋತ್ಕರ್ಷ ಹಿಡಿದವರಿಗೆ ಇಲ್ಲಿ 6 ಬಂದಿರುತ್ತದೆ.